ಆನೆ ಹಾದ ಮೇಲೆ

ನಮ್ಮ ಮನೆಯಲ್ಲಿ ಅಪ್ಪನ ಫೋಟೋ ಒಂದೂ ಇರಲಿಲ್ಲ. ಅರವತ್ತರ ದಶಕದ ಆರಂಭದಲ್ಲಿ ಗಡಹಿಂಗ್ಲಜ ಸೀಮೆಯ ಕುರಿಗಾರರ ಗೋಡೆಗಳ ಮೇಲೆ ದೇವರ ಪಟವಿರುತ್ತಿತ್ತು, ಕೆಲವು ಕಡೆ ಮಹಾರಾಜರದೂ ಇರುತ್ತಿತ್ತು. ಬಡವನ ಮುಖ ಮಾತ್ರ ಬಡವನ ಸಂಗಡವೇ ಮಣ್ಣಿಗೆ ಹೋಗುತ್ತಿತ್ತು. ಇದೂ ಒಂದು ಅನ್ಯಾಯವೆಂದು ನಾನು ಆಗಲೇ ಹೇಳುತ್ತಿದ್ದೆ. ಕೊಲ್ಹಾಪುರದ ವಿದ್ಯಾರ್ಥಿ ವಸತಿಗೃಹದಲ್ಲಿದ್ದು ಓದುತ್ತಿದ್ದವನು ನಾನು. ಅನ್ಯಾಯವನ್ನು ಕಂಡಲ್ಲಿ ಅದರ ಹೆಸರು ಹಿಡಿದು ಕೂಗಬೇಕೆಂದು ಅಲ್ಲಿನ ಗುರುಗಳು ಕಲಿಸಿದ್ದರು. ರಜೆಗೆ ಊರಿಗೆ ಬಂದಾಗಲೆಲ್ಲ ಚಹದಂಗಡಿಯ ಹೊರಗಿಡುವ ಬೇರೆ ಕಪ್ಪುಗಳ ಬಗ್ಗೆ, ಬಾವಿಕಟ್ಟೆಯ ಬಗ್ಗೆ, ಹೆಂಗಸರು ಕಡೆಗೆ ಉಣ್ಣುವ ಪದ್ಧತಿಯ ಬಗ್ಗೆ ಕೇಳುವವರಿರಲಿ ಇಲ್ಲದಿರಲಿ ಮಾತಾಡುತ್ತಿದ್ದೆ.

ಅಪ್ಪ ಸಾಯುವ ಹಿಂದಿನ ವರ್ಷ ಕೊಲ್ಹಾಪುರದ ಸ್ಟುಡಿಯೋ ಒಂದರಲ್ಲಿ ಪುರಾತನ ಕಾಲದ ರಾಜನೊಬ್ಬನ ಮರಾಠಿ ಸಿನಿಮಾ ತಯಾರಾಗುತ್ತಿತ್ತು. ಅದಕ್ಕೆ ಕುರಿಹಿಂಡು ಬೇಕೆಂದು ಆಳು-ಸಾಮಾನು ಒದಗಿಸುವ ಮುಕಾದಮನೊಬ್ಬ ನಮ್ಮ ಹಳ್ಳಿಗೆ ಬಂದಿದ್ದ. ಕುರಿ ಹೊಡೆದುಕೊಂಡು ಹೋದ ಅಪ್ಪ ವಾರ ಕಳೆದ ಮೇಲೆ ನಗುತ್ತ ಮರಳಿದ್ದ.

“ಮೊದಲ ಕುರಿ ನೋಡಿದ್ರು, ಆಮ್ಯಾಲ ನನ್ನ ಗಡ್ಡಾ ನೋಡಿದ್ರು,” ಎಂದ. “ಎರಡೂ ಪಸಂದ ಆದು. ಅಂಟಸೂ ತ್ರಾಸಿಲ್ಲ, ಖರೇ ಗಡ್ಡ ಐತಿ, ನೀನೂ ನಿಂದರು ಅಂದ್ರು.”

“ರಾಜಾನ ಮನ್ಯಾಗ ಉಣ್ಣಾಕ ಏನ ಹಾಕಿದ್ರೋ?” ಎಂದು ನನ್ನ ಆಯಿ, ಅಂದರೆ ಅಪ್ಪನ ತಾಯಿ, ಕೇಳಿದ್ದಳು. ಅವಳಿಗೆ ಆಗಲೇ ಕಣ್ಣು ಕಾಣುತ್ತಿರಲಿಲ್ಲ.

“ಮಿಸಳ, ಯವ್ವಾ. ಆಗಿನ ಕಾಲದ ರಾಜಾ, ಆದ್ರೂ ಮಿಸಳ ಭಾಳ ಖಾರ!”

ತಾನು ರಾಜನ ಮಂದಿಯಲ್ಲಿದ್ದೆನೆಂದೂ, ಆನೆ ಹಾದ ಮೇಲೆ ಎಡಗಡೆಯಿಂದ ಬರುತ್ತೇನೆಂದೂ ಅಪ್ಪ ಹೇಳಿದ್ದ. ಆ ಸಿನಿಮಾ ಅವನ ಕಣ್ಣಿಗೆ ಬೀಳಲಿಲ್ಲ. ಮಳೆಗಾಲದಲ್ಲಿ ಹಿಂಡಿನೊಂದಿಗೆ ಹೋದವನು ಜ್ವರ ಹೊತ್ತು ಬಂದು ಮಲಗಿದ; ಮತ್ತೆ ಏಳಲಿಲ್ಲ.

ಅವನು ಹೋಗಿ ಆರೆಂಟು ತಿಂಗಳಾಗಿತ್ತು. ಗಡಹಿಂಗ್ಲಜದ ಸಂತೆಬಯಲಿನ ಟೂರಿಂಗ್ ಟಾಕೀಸಿಗೆ ಅದೇ ಸಿನಿಮಾ ಬಂತು. ವರ್ಷ ತುಂಬುವವರೆಗೆ ಗಂಡನನ್ನು ಕಳೆದುಕೊಂಡವಳು ಸಂತೆಗೆ, ಮದುವೆಗೆ, ನಾಲ್ಕು ಜನ ನಗುವ ಯಾವ ಜಾಗಕ್ಕೂ ಹೋಗಬಾರದೆಂಬ ಕಟ್ಟು ನಮ್ಮಲ್ಲಿತ್ತು. ಹೆಂಡತಿ ಸತ್ತ ಗಂಡಸಿಗೆ ಆ ಕಟ್ಟು ಮೂರು ದಿನವೂ ಇರಲಿಲ್ಲ. ಇದನ್ನೆಲ್ಲ ಅವ್ವನ ಮುಂದೆ ಭಾಷಣದಂತೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವಳು ತಲೆ ಎತ್ತಲಿಲ್ಲ.

“ನೀ ಹೇಳೂದು ಖರೇ ಇರಬೇಕು ತಮ್ಮಾ. ಆದ್ರ ಮಂದಿ ನಿನ್ನ ಬುಕ್ಕ ಓದಿಲ್ಲ,” ಎಂದಳು.

ಅವಳ ಮನಸ್ಸನ್ನು ತಿರುಗಿಸಿದ್ದು ನನ್ನ ವಾದವಲ್ಲ. ಮರುದಿನ ಬೆಳಿಗ್ಗೆ ಅವಳೇ ಬಂದು, “ಈಗೀಗ ಅವರ ಮಾರಿ ನೆನಪಾಗವಲ್ದು. ಗಡ್ಡಾ ನೆನಪಾಗ್ತದ, ಮುಂಡಾಸ ನೆನಪಾಗ್ತದ, ಮಾರಿ ಮಾತ್ರ ಸಿಗವಲ್ದು,” ಎಂದಳು. ಆಮೇಲೆ, “ನಾ ಬರ್ತೀನಿ. ಆದ್ರ ನನ್ನ ಕಣ್ಣ ತುಂಬಿ ಬರ್ತಾವು. ನೀನರ ನೆಟ್ಟಗ ನೋಡು, ಆಮ್ಯಾಲ ನನಗ ಹೇಳು,” ಎಂದಳು. ನಾನು ಒಪ್ಪಿದೆ. ಅವಳು ನನ್ನಿಂದ ಕೇಳಿದ್ದು ಅಷ್ಟನ್ನೇ.

ಅಂದು ಆ ಸಿನಿಮಾದ ಕಡೆಯ ಆಟ. ಡೇರೆಯೊಳಗೆ ಹಗ್ಗ ಕಟ್ಟಿ ಹೆಂಗಸರ ಕಡೆ, ಗಂಡಸರ ಕಡೆ ಎಂದು ವಿಂಗಡಿಸಿದ್ದರು. ಹೆಂಗಸರ ಪಾಲಿಗೆ ಕಂಬದ ಮರೆಯ ಜಾಗ ಬಂದಿತ್ತು. ಅದನ್ನೂ ನಾನು ಗೇಟಿನವನಿಗೆ ಹೇಳಿಯೇ ಒಳಗೆ ಹೋದೆ. ಹಗ್ಗದ ಆಚೆ ಅವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಮರಳಲ್ಲಿ ಕುಳಿತಳು. ಈಚೆ ಅವಳ ಮಗ್ಗುಲಿಗೇ ನಾನು ಕುಳಿತೆ.

ತಪ್ಪು ಎಣಿಸಲೆಂದೇ ಸಿನಿಮಾ ನೋಡುವ ಚಟ ನನ್ನದು. ಆನೆ ಕೊಟ್ಟವರ ಹೆಸರು ಪರದೆಯ ಮೇಲೆ ಬಂತು. ಕಲ್ಲು ಹೊತ್ತವರ ಹೆಸರು ಬರಲಿಲ್ಲ. ರಾಜನ ಪ್ರತಿಯೊಂದು ಮಾತೂ ಧರ್ಮ, ಪ್ರಜೆಗಳ ಪ್ರತಿಯೊಂದು ಮಾತೂ ಜಯಕಾರ. ಆದರೂ ಸುಳ್ಳು ಹೇಳಲಾರೆ: ದೀಪಗಳ ಸಾಲಿನ ನಡುವೆ ಅರಮನೆಯ ಬಾಗಿಲು ತೆರೆದಾಗ ನನ್ನ ಬಾಯಿಯೂ ತೆರೆದಿತ್ತು. ಆ ಸೊಬಗಿಗೆ ಮಾರುಹೋದೆನೆಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಯುದ್ಧ ಮುಗಿಯಿತು, ರಾಜ ಗೆದ್ದ. ನಗಾರಿಗಳು ಮೊಳಗಿದವು. ಆನೆ ಬಂತು. ಹಗ್ಗದ ಆಚೆ ಅವ್ವ ಮೊಣಕಾಲೂರಿ ಎದ್ದು ಕುಳಿತದ್ದು ಕಂಡಿತು.

ಆಗಲೇ ನನ್ನ ಹಿಂದಿನಿಂದ ಒಂದು ದನಿ ಕೇಳಿತು. ನಮ್ಮದೇ ಊರಿನ, ದೂರದಿಂದ ದೊಡ್ಡಪ್ಪನಾಗಬೇಕಾದ ಹಿರಿಯನದು.

“ಗಂಡ ಸತ್ತು ವರ್ಸಾ ತುಂಬಿಲ್ಲ, ಬಂದ ಕುಂತಾಳ ನೋಡು ತಮಾಷಾ ನೋಡಾಕ. ಮಗಾ ಸಾಲಿ ಕಲ್ತದ್ದು ಇದಕ್ಕ ಏನ?”

ನಾನು ತಿರುಗಿದೆ. ತಿರುಗಿದ್ದಷ್ಟೇ ಅಲ್ಲ, ಎದ್ದು ನಿಂತೆ.

“ದೊಡ್ಡಪ್ಪಾರ, ನಿಮ್ಮ ಹೆಂಡ್ತಿ ತೀರಿಕೊಂಡ ತಿಂಗಳಾಗ ನೀವು ಕುಸ್ತಿ ನೋಡಾಕ ಹೋಗಿದ್ರಿ. ಆವಾಗ ಯಾರ ಕೇಳಿದ್ರು?”

“ಏ, ನಾ ಗಂಡಸ ಅದೀನೋ!”

“ದುಃಖಕ್ಕ ಗಂಡಸು ಹೆಂಗಸು ಅಂತ ಐತೇನ್ರಿ?”

ಅಕ್ಕಪಕ್ಕದವರು ನಕ್ಕರು. ಯಾರೋ ಶಿಳ್ಳೆ ಹೊಡೆದರು. ಮರಾಠಿಯಲ್ಲಿ “ಖಾಲಿ ಬಸಾ ರೇ!” ಎಂದು ಒಬ್ಬ ಕೂಗಿ, ಕೆಳಗೆ ಕೂಡಿಸಲು ನನ್ನ ಅಂಗಿ ಜಗ್ಗಿದ. ನನಗೆ ಇನ್ನೂ ಒಂದು ಮಾತು ಉಳಿದಿತ್ತು, ಅದನ್ನೂ ಆಡಿದೆ. ಒಳ್ಳೆಯ ಮಾತೇ ಇರಬೇಕು, ಇಂದು ನೆನಪಿಲ್ಲ. ಮತ್ತೆ ಪರದೆಯ ಕಡೆ ಮುಖ ಮಾಡಿದಾಗ ಆನೆಯೂ ಅದರ ಹಿಂದಿನ ಮಂದಿಯೂ ಹಾದುಹೋಗಿ, ರಾಣಿ ಆರತಿ ಬೆಳಗುತ್ತಿದ್ದಳು. ಅವ್ವ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

ನಾನು ಆಡಿದ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದನ್ನು ಇಂದಿಗೂ ಹಿಂದೆಗೆದುಕೊಳ್ಳಲಾರೆ. ಅದನ್ನು ಆಡಬೇಕಾಗಿದ್ದ ಹೊತ್ತು ಮಾತ್ರ ಬೇರೆ ಇತ್ತು.

ಮನೆಯ ದಾರಿಯಲ್ಲಿ ಅವ್ವ ಬಹಳ ದೂರ ನನ್ನ ಮುಂದೆ ಮುಂದೆ ನಡೆದಳು. ಕಡೆಗೆ ಮೆಲ್ಲಗೆ, “ಅತ್ತಿ ಮುಂದ ಬಾರಕೋಲಿನ ಮಾತ ಎತ್ತಬ್ಯಾಡ,” ಎಂದಳು.

ಯಾವ ಬಾರುಕೋಲು? ಅಪ್ಪ ರಾಜನ ಮಂದಿಯಲ್ಲಿರಲಿಲ್ಲ, ಸೋತವರ ಸಾಲಿನಲ್ಲಿದ್ದ, ಹೊಡೆಸಿಕೊಂಡಿದ್ದ ಎಂಬುದು ನನಗೆ ತಿಳಿದದ್ದು ಹಾಗೆ. “ಎತ್ತೂದಿಲ್ಲ ಯವ್ವಾ,” ಎಂದೆ. ನಾನು ನೋಡಲಿಲ್ಲ ಎನ್ನಲು ಅದು ಸರಿಯಾದ ಗಳಿಗೆಯಾಗಿತ್ತು. ಅವಳ ಮುಖ ಆ ಕತ್ತಲಲ್ಲಿ ಹೇಗಿತ್ತೋ ಕಾಣಲಿಲ್ಲ. ಅದನ್ನು ನೆಪ ಮಾಡಿಕೊಂಡು ಸುಮ್ಮನಾದೆ.

ಆಯಿ ಎದ್ದೇ ಕುಳಿತಿದ್ದಳು. “ಕಂಡ್ನೇನೋ? ನನ್ನ ಮಗನ ಮಾರಿ ಹೆಂಗಿತ್ತಪಾ?”

ಅವ್ವ ಒಲೆಯ ಕಡೆ ಹೋದಳು. ನಾನೇ ಹೇಳಬೇಕಾಯಿತು.

“ನಗಾಕತ್ತಿದ್ದ ಆಯಿ. ಕೈಯಾಗ ಭರ್ಚಿ ಹಿಡಿದು ರಾಜಾನ ಹಿಂದ ನಡದಿದ್ದ.”

“ನಕ್ಕಿರಬೇಕು, ನಕ್ಕಿರಬೇಕು. ಅವ ಅಳೂ ಪೈಕಿ ಅಲ್ಲ,” ಎಂದು ಆಯಿ ಕೌದಿ ಎಳೆದುಕೊಂಡಳು.

“ಹೌದ್ರಿ ಅತ್ತಿ, ನಗಾಕತ್ತಿದ್ರು,” ಎಂದಳು ಅವ್ವ.

ಊಟಕ್ಕೆ ಬಡಿಸುವಾಗ ನನ್ನ ರೊಟ್ಟಿಯ ಮೇಲೆ ಬೆಣ್ಣೆಯಿಟ್ಟಳು. “ಭಾಳ ಛಲೋ ಹೇಳಿದಿ ತಮ್ಮಾ. ಮುದುಕಿ ಜೀವಾ ತಂಪಾತು,” ಎಂದಳು. ಏನೂ ಕಾಣದವನ ಬುರುಡೆಯನ್ನು ಅವಳು ಎಲ್ಲ ಕಂಡವನ ಕರುಣೆಯೆಂದು ತಿಳಿದಿದ್ದಳು. ಆಮೇಲೆ, ಆಯಿಗೆ ಕೇಳದಂತೆ, ನನ್ನ ಸಮೀಪಕ್ಕೆ ಬಾಗಿದಳು.

“ಬಿದ್ದು ಏಳೂ ಮುಂದ ಒಮ್ಮಿ ಇತ್ತಾಗ ನೋಡಿದ್ರು, ಹೌದಲ್ಲ? ನಮ್ಮ ಕಡೆ? ನನ್ನ ಕಣ್ಣಾಗ ನೀರ ತುಂಬಿತ್ತು, ನನಗ ಹಂಗ ಅನಿಸ್ತೋ ಏನೋ. ನೀ ನೋಡಿದಿ ಅಲ್ಲ?”

“ನೋಡಿದ್ರು ಯವ್ವಾ,” ಎಂದೆ. “ನಮ್ಮ ಕಡೇನೇ ನೋಡಿದ್ರು.”

ಅಂದಿನಿಂದ ಅವಳು ಆ ನೋಟವನ್ನು ನನ್ನ ಸಾಕ್ಷಿಯ ಮೇಲೆ ಇಟ್ಟುಕೊಂಡಳು. ಓಣಿಯ ಹೆಂಗಸರಿಗೆ, “ಇಂವನೂ ನೋಡ್ಯಾನ, ಕೇಳ್ರಿ,” ಎನ್ನುತ್ತಿದ್ದಳು, ನಾನು ತಲೆಯಾಡಿಸುತ್ತಿದ್ದೆ. ಮುಂದೆ ಅದೇ ಸಿನಿಮಾ ಜಯಸಿಂಗಪುರಕ್ಕೆ ಬಂತು. ಕೊಲ್ಹಾಪುರದಿಂದ ರೈಲು ಹತ್ತಿದರೆ ಸಾಕಿತ್ತು. ಸಹಪಾಠಿಗಳು ಕರೆದರು, ಪರೀಕ್ಷೆಯಿದೆ ಎಂದೆ. ಅಪ್ಪ ನಮ್ಮ ಕಡೆ ನೋಡಿರದಿದ್ದರೆ ಅದು ನನಗೊಬ್ಬನಿಗೆ ಗೊತ್ತಾಗುತ್ತಿತ್ತು. ಗೊತ್ತಾದ ಮೇಲೂ ಅವ್ವನ ಮುಂದೆ ತಲೆಯಾಡಿಸುತ್ತಲೇ ಇರಬೇಕಾಗುತ್ತಿತ್ತು.