ಹೊಸ ಕಿವಿಗೆ ಐದು ರಾಗ

ನನ್ನ ಹೆಂಡತಿಯ ಕಿವಿ ಮಿಷನ್ನಿಗೆ ಐವತ್ತೆರಡು ಸಾವಿರ ಕೊಟ್ಟೆ. ತುಮಕೂರಿನ ಅಂಗಡಿಯವರು ಹೇಳಿದ್ದು ಅರವತ್ತು. ಇನ್ನೂ ಎರಡು ಇಳೀತಿತ್ತು. ಆದರೆ ಅವಳು ಪಕ್ಕದಲ್ಲಿ ಕೂತು, ಏನು ನಡೀತಿದೆ ಅಂತ ತಿಳಿಯದೆ, ನಮ್ಮಿಬ್ಬರ ಬಾಯನ್ನೇ ನೋಡುತ್ತಿದ್ದಳು. ಚೌಕಾಸಿ ಅಲ್ಲಿಗೇ ನಿಲ್ಲಿಸಿದೆ.

ಗುಬ್ಬಿಯಲ್ಲಿ ನಮ್ಮದು ಸ್ಟೀಲ್ ಪಾತ್ರೆ ಅಂಗಡಿ. ಪಾತ್ರೆ ಹೊತ್ತು ಬೀದಿ ಬೀದಿ ಸುತ್ತಿ ಮಾರಿದವನು ನಾನು. ಅಂಗಡಿ ಆದಮೇಲೆ ಗಲ್ಲಾದಲ್ಲಿ ಕೂತವಳು ಅವಳು. ಮಿಷನ್ ಹಾಕಿಸಿಕೊಂಡು ಬಂದು ವಾರ ತುಂಬೋದರೊಳಗೆ ತೆಗೆದು ಡಬ್ಬಿಗೆ ಹಾಕಿದಳು.

"ಯಾರು ಮಾತಾಡಿದ್ರೂ ನಮ್ಮಂಗಡೀಲಿ ತಟ್ಟೆ ಬಿದ್ದಂಗೆ ಕೇಳ್ಸುತ್ತೆ. ಬ್ಯಾಡ ಕಣ್ರಿ."

ವಾಪಸ್ ತಗೊಳ್ತಾರಾ ಅಂತ ಫೋನ್ ಮಾಡಿದೆ. ಕಿವಿ ಪರೀಕ್ಷೆ ಮಾಡಿದ್ದ ಮೇಡಂ, "ಅಭ್ಯಾಸ ಆಗ್ಬೇಕು ಸಾರ್. ಇಷ್ಟವಾದ ಸಂಗೀತ ದಿನಾ ಕೇಳಿಸಿ" ಅಂದರು.

ಮೊಬೈಲ್ ಅಂಗಡೀಲಿ ಪೆನ್‌ಡ್ರೈವ್‌ಗೆ ಮುನ್ನೂರು ಹಾಡು ತುಂಬಿಸಿದೆ. ಒಳ್ಳೇ ವ್ಯಾಪಾರ ಅಂದುಕೊಂಡೆ. ನಾಲ್ಕನೇ ಹಾಡಿಗೆ ಅವಳ ಕೈ ಕಿವಿಗೆ ಹೋಯಿತು.

"ಒಂದಕ್ಕೆ ಕಿವಿ ಹೊಂದ್ಕೊಳ್ಳೋ ಹೊತ್ಗೆ ಇನ್ನೊಂದು ಬರುತ್ತೆ. ಸಂತೇಲಿ ಕೂರಿಸ್ದಂಗಿದೆ."

ಆಗ ನೆನಪಾಯಿತು. ಕುಣಿಗಲ್ಲಿನ ತವರಲ್ಲಿ ಅವಳಣ್ಣ ಸಾಯಂಕಾಲ ಕೊಳಲು ಅಭ್ಯಾಸ ಮಾಡೋರು. ಒಲೆ ಮೇಲೆ ಅನ್ನ ಬೇಯೋವರೆಗೂ ಒಂದೇ ರಾಗ. ಹೆಣ್ಣು ನೋಡೋಕೆ ಹೋದ ದಿನ ನಾನೂ ಕೇಳಿದ್ದೆ. ಯಾವಾಗ ಮುಗಿಯುತ್ತಪ್ಪಾ ಅಂತ ಕಾದಿದ್ದೆ. ಅವಳು ಮಾತ್ರ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತು, ಅದು ಮುಗಿದ ಮೇಲೇ ಒಳಗೆ ಬಂದಿದ್ದಳು.

ಮುನ್ನೂರನ್ನೂ ಅಳಿಸಿದೆ. ಮಧ್ಯಾಹ್ನ ಗಿರಾಕಿ ಕಮ್ಮಿ ಇರೋ ಹೊತ್ತಲ್ಲಿ ಮೊಬೈಲಲ್ಲಿ ಉದ್ದುದ್ದ ರಾಗಗಳನ್ನೇ ಹುಡುಕಿ, ಪೂರ್ತಿ ಕೇಳಿ ಆರಿಸಿದೆ. ಪಕ್ಕವಾದ್ಯ ಗದ್ದಲ ಮಾಡಿದರೆ ಬೇಡ, ಜನ ನಡುವೆ ಚಪ್ಪಾಳೆ ತಟ್ಟಿದರೂ ಬೇಡ. ಒಂದು ಕಲ್ಯಾಣಿ ರಾಗದ ಮೇಲೆ ಮನಸ್ಸಾಗಿತ್ತು, ಪಿಟೀಲು ಕಿರುಚುತ್ತಿತ್ತು, ಬಿಟ್ಟೆ. ಕೊನೆಗೆ ಉಳಿದದ್ದು ಐದು: ಎರಡು ವೀಣೆ, ಮೂರು ಕೊಳಲು.

ಮೊದಲು ಕೊಳಲಿನ ಮೋಹನ ರಾಗ ಹಾಕಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕೈ ನಿಂತಿತು. ಈಗ ಮಿಷನ್ ತೆಗೀತಾಳೆ ಅಂದುಕೊಂಡೆ. ತೆಗೆಯಲಿಲ್ಲ.

"ಮಧ್ಯೆ ಉಸ್ರು ತಗೊಂಡಿದ್ದು ಕೇಳಿಸ್ತು ಕಣ್ರಿ."

"ನಂಗೆ ಕೇಳಿಸ್ಲಿಲ್ವಲ್ಲ."

"ಯಾಕ್ ಹಂಗೆ ಕಿರುಚ್ತೀರಾ? ಪಕ್ಕದಲ್ಲೇ ಇದೀನಿ."

ಇಷ್ಟು ವರ್ಷ ಕೂಗಿ ಕೂಗಿ, ಮನೇಲಿ ಮೆಲ್ಲಗೆ ಮಾತಾಡೋದೇ ನನಗೆ ಮರೆತುಹೋಗಿತ್ತು.

ನಿಮ್ಮ ಮನೇಲೂ ಯಾರಿಗಾದರೂ ಮಿಷನ್ ಹಾಕಿಸಿದರೆ ನನ್ನ ಮಾತು ಕೇಳಿ. ಬೆಲೆ ಇಳಿಸಿ, ಆದರೆ ಆಮೇಲಿನ ರಿಪೇರಿ ಬಿಟ್ಟಿ ಅಂತ ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಡಬ್ಬಿಗೆ ಹಾಕಿಬಿಟ್ಟರೆ ಬೈಬೇಡಿ. ಅವರು ಚಿಕ್ಕವರಿದ್ದಾಗ ಕೇಳಿದ್ದು ಏನು ಅಂತ ವಿಚಾರಿಸಿ, ಅಂಥದ್ದೇ ನಾಲ್ಕೈದು ಉದ್ದದ್ದು ಹುಡುಕಿ, ಒಂದೇ ವಾದ್ಯದ್ದು. ಹಾಕಿ ಪಕ್ಕದಲ್ಲಿ ಕೂತ್ಕೊಳ್ಳಿ. ಹೇಗಿದೆ, ಹೇಗಿದೆ ಅಂತ ನಡುವೆ ಪೀಡಿಸಬೇಡಿ. ಮುಗಿದ ಮೇಲೆ ಕೇಳಿ, ಮೆಲ್ಲಗೆ.