ಎಡೆಯ ಪಕ್ಕದ ಕೋವಿ

ಹಿರಿಯೂರಿನ ಮುರುಗಪ್ಪನ ನಾಟಕದ ಸಾಮಾನಿನ ಅಂಗಡಿಯಲ್ಲಿ ಬಾಡಿಗೆಗೆ ಸಿಗದಿದ್ದದ್ದು ನಟನೆ ಒಂದೇ. ಕಿರೀಟ, ಗದೆ, ಜಡೆ, ಮೀಸೆ ಎಲ್ಲವನ್ನೂ ಅವನೇ ಮಾಡುತ್ತಿದ್ದ. ಚಿತ್ರದುರ್ಗದ ನಮ್ಮ ಕಾನ್ವೆಂಟಿನ ಕ್ರಿಸ್ಮಸ್ ನಾಟಕಕ್ಕೆ ಮೂವರು ಜ್ಞಾನಿಗಳ ಗಡ್ಡ ಅಲ್ಲಿಂದಲೇ ಬರುತ್ತಿತ್ತು. ಅದೇ ಗಡ್ಡ ಮುಂದಿನ ವಾರ ವಿಶ್ವಾಮಿತ್ರನಿಗೆ. ಗಡ್ಡಕ್ಕೆ ಮತವಿಲ್ಲ ಎಂದು ನಾನು ಕಲಿತದ್ದು ಸಿಸ್ಟರುಗಳಿಂದಲ್ಲ, ಮುರುಗಪ್ಪನಿಂದ.

ಎಪ್ಪತ್ತೊಂದರ ಯುದ್ಧ ಮುಗಿದದ್ದೇ ತಡ, ಊರೂರಲ್ಲೂ ಸೈನಿಕರ ನಾಟಕಗಳು ಶುರುವಾದವು. ಗನ್ನು ಬಂದ ಮೇಲೆ ಗದೆಗೆ ಗತಿಯಿಲ್ಲದಂತಾಯಿತು. ಮುರುಗಪ್ಪ ಪೇಪರಿನ ಚಿತ್ರ ನೋಡಿ ಸ್ಟೆನ್‌ಗನ್ ಮಾಡುವುದನ್ನು ಕಲಿತ. ನಲ್ಲಿಯ ಪೈಪು, ಮಂಚದ ಕಂಬಿ, ಎಡ ಮಗ್ಗುಲಿಗೆ ಚಾಚಿಕೊಂಡಿರುವ ಗುಂಡಿನ ಪೆಟ್ಟಿಗೆಗೆ ಬಿಸ್ಕತ್ ಡಬ್ಬಿಯ ತಗಡು. ಸುಳ್ಳು ಸಾಮಾನನ್ನು ನಿಜವಾಗಿ ಮಾಡಬೇಕು ಎನ್ನುವುದು ಅವನ ಮಾತು. ಅವನ ಗನ್ನು ಕಂಡು ಪೇದೆಯೊಬ್ಬ ಮೊದಲು ಹಿಂದೆ ಸರಿದು, ಆಮೇಲೆ ಗದರಿದ್ದನಂತೆ.

ಎಪ್ಪತ್ಮೂರರಲ್ಲಿ, ಮಹಾಲಯ ಅಮಾವಾಸ್ಯೆಗೆ ಎಂಟು ದಿನವಿರುವಾಗ, ಆದಿವಾಲದ ಹತ್ತಿರದ ಹಟ್ಟಿಯಿಂದ ಕುರಿ ಸಾಕುವ ಪಾಲಯ್ಯ ಅಂಗಡಿಗೆ ಬಂದ. ಕಂಬಳಿಯ ಮಡಿಕೆಯಿಂದ ಒಂದು ಫೋಟೋ ತೆಗೆದ. ಯುದ್ಧದಲ್ಲಿ ತೀರಿಹೋದ ಅವನ ಮಗ ಜುಂಜಣ್ಣ ಅದರಲ್ಲಿ ಹೆಗಲಿಗೆ ಸ್ಟೆನ್‌ಗನ್ ಹಾಕಿಕೊಂಡು ನಿಂತಿದ್ದ. ಹಿರಿಯರಿಗೆ ಎಡೆ ಇಡುವಾಗ ಸತ್ತವರು ಕೈಯಲ್ಲಿ ಹಿಡಿದು ದುಡಿದ ವಸ್ತುವನ್ನು ಎಲೆಯ ಪಕ್ಕ ಇಡುವುದು ಆ ಮನೆಯ ಪದ್ಧತಿ. ಅದನ್ನು ಗುರುತು ಹಿಡಿದು ಅವರು ಉಣ್ಣಲು ಬರುತ್ತಾರೆ. ಪಾಲಯ್ಯನ ಅಪ್ಪನಿಗೆ ಉಣ್ಣೆಯ ಕತ್ತರಿ ಇಡುತ್ತಿದ್ದರು. ಹಿಂದಿನ ವರ್ಷ ಜುಂಜಣ್ಣನಿಗೆ ಅವನ ಹಳೆಯ ಕುರಿಕೋಲು ಇಟ್ಟಿದ್ದರು. ಕೋಲು ಬಿಟ್ಟು ಹೋದವನು ಕೋಲು ನೋಡಿ ಬರುತ್ತಾನೆಯೇ, ಮಗ ಹಸಿದೇ ಹೋದ ಎಂದು ತಾಯಿ ನಿಂಗಕ್ಕ ವರ್ಷವಿಡೀ ಕೊರಗಿದ್ದಳು. ಈ ಸಲ ಕೋವಿಯೇ ಬೇಕು.

ಮೂರೇ ದಿನದಲ್ಲಿ ಕೋವಿ ಸಿದ್ಧವಾಯಿತು. ಪಾಲಯ್ಯ ಅದನ್ನೂ ಫೋಟೋವನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಹೆಗಲಿಗೆ ಹಾಕುವ ಪಟ್ಟಿ ಇರಲಿಲ್ಲ. ಮುರುಗಪ್ಪ ಚರ್ಮದ ಬೆಲ್ಟು ತೋರಿಸಿದ. ಚರ್ಮ ಎಡೆಯ ಹತ್ತಿರ ಸುಳಿಯುವಂತಿಲ್ಲ ಎಂದ ಪಾಲಯ್ಯ. ಹಗ್ಗ ತೋರಿಸಿದ. ಅದೂ ಬೇಡವೆಂದು ತಲೆಯಾಡಿಸಿದ.

“ಉಣ್ಣಾಕೆ ಕೈ ಬಿಡುವಾಗ್ಬೇಕಲ್ರಿ ಸಾವ್ಕಾರ್ರೆ. ಪಟ್ಟಿ ಸರಿಯಾಗಿಲ್ಲ ಅಂದ್ರೆ ಕೋವಿ ಎಲ್ಲಿ ಇಟ್ಕಂತಾನೆ? ಅದು ನೆಲಕ್ಕೆ ಇಡಾ ವಸ್ತು ಅಲ್ವಂತೆ.”

ದಿನವೂ ಭೀಮ ದುರ್ಯೋಧನರ ಜೊತೆ ಚೌಕಾಸಿ ಮಾಡುವ ಮುರುಗಪ್ಪ ಈ ಮಾತಿಗೆ ಸೋತ. ಫೋಟೋ ಕೇಳಿ ಇಸಿದುಕೊಂಡು, ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದ.

ಚಿತ್ರದುರ್ಗದ ಗುಜರಿ ಅಂಗಡಿಯಲ್ಲಿ ಮಿಲಿಟರಿಯ ನೀರಿನ ಬಾಟಲಿ ಸಿಕ್ಕಿತು, ತೂತುಬಿದ್ದ ಗುಂಡಿನ ಚೀಲ ಸಿಕ್ಕಿತು, ಒಂಟಿ ಬೂಟೂ ಸಿಕ್ಕಿತು. ಗಾಯಾಳು ಸಿಪಾಯಿಯ ಪಾತ್ರಕ್ಕೆ ಒಂದೇ ಸಾಕಲ್ಲ ಎಂದು ಗುಜರಿಯವನು ಬೂಟನ್ನು ಹೊಗಳಿದ. ಪಟ್ಟಿ ಮಾತ್ರ ಇರಲಿಲ್ಲ. ಹೊಸದುರ್ಗದಲ್ಲಿ ಎನ್‌ಸಿಸಿ ಮೇಷ್ಟ್ರು ಬೀರು ತೆರೆದರು. ದಪ್ಪ ನೂಲಿನ ಪಟ್ಟಿಗಳು ಸಾಲಾಗಿ ತೂಗುತ್ತಿದ್ದವು. ಮುಟ್ಟಿ ನೋಡಲು ಬಿಟ್ಟರು, ಸರ್ಕಾರದ ಆಸ್ತಿ ಎಂದು ಮತ್ತೆ ಬೀಗ ಹಾಕಿದರು. ಆದರೆ ಫೋಟೋದಲ್ಲಿನ ಟೋಪಿಯ ಬಿಲ್ಲೆ ನೋಡಿ, ಇದೇ ಪಲ್ಟನ್ನಿನ ಮೂರ್ತಪ್ಪ ಎಂಬ ಹವಾಲ್ದಾರರು ಪೆನ್ಷನ್ ಪಡೆದು ಹೊಳಲ್ಕೆರೆಯಲ್ಲಿದ್ದಾರೆ, ಕೇಳಿ ನೋಡಿ ಎಂದರು.

ಹೊಳಲ್ಕೆರೆಯ ಮನೆಯಲ್ಲಿ ಮೂರ್ತಪ್ಪ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು.

“ಈ ಗನ್ನು ನಂದು ಕಣ್ರಿ,” ಎಂದರು. “ಮನೀಗೆ ಫೋಟೋ ಕಳಿಸ್ಬೇಕು ಅಂತ ಐದು ನಿಮಿಷಕ್ಕೆ ಇಸ್ಕಂಡಿದ್ದ. ಹುಡುಗ ನಮ್ಮ ಕಂಪನಿಯಾಗೆ ಅಡುಗೆಯವ್ನು. ಕೈಯಾಗೆ ಸೌಟು ಬಿಟ್ರೆ ಬ್ಯಾರೆ ಏನೂ ಹಿಡಿದೋನಲ್ಲ. ಮುಂದ್ಲ ಗುಂಡಿಗಳಾಗೆ ಕುಂತೋರಿಗೆ ಅನ್ನ ಹೊತ್ಕಂಡು ಹೋಗ್ತಿದ್ದ. ಅವತ್ತೂ ಹಂಗೇ ಹೋದ.”

ಒಳಗೆ ಹೋಗಿ ಟ್ರಂಕಿನಿಂದ ಹಳೆಯ ಪಟ್ಟಿಯೊಂದನ್ನು ಸುರುಳಿ ಸುತ್ತಿ ತಂದುಕೊಟ್ಟರು. ಇದನ್ನು ಮನೆಯವರಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು ಎಂದರು.

ಹಿಂತಿರುಗುವ ಬಸ್ಸಿನಲ್ಲಿ ಪಟ್ಟಿ ಮುರುಗಪ್ಪನ ತೊಡೆಯ ಮೇಲಿತ್ತು. ಜನ ನಂಬುವಂಥ ಸುಳ್ಳು ತಯಾರಿಸಿಯೇ ಅವನು ಸಂಸಾರ ಸಾಕಿದ್ದ. ಬಾಯಿ ಮುಚ್ಚಿಕೊಂಡರೆ ಹಟ್ಟಿಯಲ್ಲಿ ಜುಂಜಣ್ಣ ವೀರನಾಗಿಯೇ ಉಳಿಯುತ್ತಾನೆ. ಆದರೆ ಗುರುತೇ ತಪ್ಪಾದರೆ ಅವರ ಲೆಕ್ಕದಲ್ಲಿ ಹುಡುಗ ಈ ವರ್ಷವೂ ಹಸಿದೇ ಹೋಗುತ್ತಾನೆ. ನೋಡುವವರಿಗೆ ಮೋಸ ಮಾಡಬಹುದು, ಉಣ್ಣುವವನಿಗೆ ಮಾಡಬಾರದು ಎಂದುಕೊಂಡನಂತೆ.

ಅಮಾವಾಸ್ಯೆಯ ಹಿಂದಿನ ದಿನ ಹಟ್ಟಿಗೆ ಹೋಗಿ, ಪಟ್ಟಿಯನ್ನು ಪಾಲಯ್ಯನ ಕೈಯಲ್ಲಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಪಾಲಯ್ಯ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕುಳಿತ. ಬಾಗಿಲಲ್ಲಿ ನಿಂಗಕ್ಕ ನಿಂತಿದ್ದಳು.

“ಎಲ್ರಿಗೂ ಇಕ್ಕಿ, ತಾನು ಯಾವಾಗ ಉಣ್ತಿದ್ನಂತೆ?” ಎಂದು ಅವಳೇ ಕೇಳಿದಳು.

“ಕೊನೇಗಂತೆ ಕಣಮ್ಮ,” ಎಂದ ಮುರುಗಪ್ಪ. “ಕಂಪನಿಯೋರೆಲ್ಲ ಉಂಡ ಮ್ಯಾಲೆ.”

ಅವಳು ಒಳಗೆ ಹೋದಳು.

ಮರುದಿನ ಮುರುಗಪ್ಪನೂ ಊಟಕ್ಕೆ ಹೋಗಿದ್ದ. ಎಡೆಯಾಗದೆ ಯಾರೂ ತುತ್ತು ಎತ್ತುವಂತಿಲ್ಲ. ಆದರೆ ನಿಂಗಕ್ಕ ಹಟ್ಟಿಯವರಿಗೆಲ್ಲ ಮೊದಲೇ ಮುತ್ತುಗದ ಎಲೆ ಹಾಕಿಬಿಟ್ಟಿದ್ದಳು. ಹಟ್ಟಿಯ ಹಿರಿಯ, ಪಾಲಯ್ಯನ ದೊಡ್ಡಪ್ಪ, ಕೂರಲು ಒಪ್ಪಲಿಲ್ಲ. ಸತ್ತವರಿಗಿಂತ ಮುಂಚೆ ಉಣ್ಣುವುದು ಎಲ್ಲಿಯ ಪದ್ಧತಿ ಎಂದು ಕೋಲು ಕುಟ್ಟಿದ.

“ನೀವು ಉಣ್ದಿದ್ರೆ ಅವ್ನು ಉಣ್ಣಾದಿಲ್ಲ, ಮಾವ. ಕುಂತ್ಕಳ್ರಿ,” ಎಂದಳು ನಿಂಗಕ್ಕ.

ದೊಡ್ಡಪ್ಪ ನಿಂತೇ ಇದ್ದ. ಕೊನೆಗೆ ಕೋಲನ್ನು ಗೋಡೆಗೆ ಒರಗಿಸಿ ಸಾಲಿನ ತುದಿಯಲ್ಲಿ ಕುಳಿತ. ಪಾಲಯ್ಯ ಎಲ್ಲರಿಗೂ ಬಡಿಸಿದ. ಕಡೆಯ ಎಲೆ ಎತ್ತಿದ ಮೇಲೆ ನೆಲ ಸಾರಿಸಿ ಮಗನಿಗೆ ಎಲೆ ಹಾಕಿದರು. ಪಾಲಯ್ಯ ಅನ್ನ, ಸಾರು ಬಡಿಸಿ, ಕೋವಿಯ ಬದಲು ಆ ಸೌಟನ್ನು ಎಲೆಯ ಬಲಕ್ಕೆ ಇಟ್ಟು, ಬಾಗಿಲು ತೆರೆದಿಟ್ಟು ಹೊರಗೆ ಬಂದು ಕುಳಿತ.