ಪಕ್ಕೆಲುಬು ಮುಚ್ಚಿದ ಕೆಂಪಿ

ಇನ್ನೂ ಬೆಳಕು ಹರಿದಿಲ್ಲ. ಒಂಟಿಕೊಪ್ಪಲಿನ ಕೊನೆಯ ಗಲ್ಲಿಯಲ್ಲಿ ಜಟಕಾ ಹೊಡೆಯುವ ಲೂರ್ದುಸ್ವಾಮಿ ಕುಕ್ಕರಗಾಲಿನಲ್ಲಿ ಕೂತು ತಮ್ಮ ಕುದುರೆ ಕೆಂಪಿಯ ಮುಂಗಾಲಿಗೆ ತಣ್ಣೀರು ಸುರಿಯುತ್ತಿದ್ದಾರೆ. ಇದು ನಾಲ್ಕನೆಯ ಕೊಡ. ಗೊರಸು ಮುಟ್ಟಿದರೆ ಕಾದ ಹೆಂಚು. ಪಕ್ಕದಲ್ಲಿ ನಿಂತ ಗಾಡಿಯ ಮೇಲೆ ಈ ವರ್ಷದ ಪಾಸಿನ ಹಿತ್ತಾಳೆ ಬಿಲ್ಲೆ ಹೊಳೆಯುತ್ತಿದೆ. ಗಾಡಿ ಮಾತ್ರ ಹನ್ನೊಂದು ದಿನದಿಂದ ರಸ್ತೆ ಕಂಡಿಲ್ಲ.

ಊರಿನಲ್ಲಿ ಕುದುರೆಗಳು ಎರಡು ಬಗೆ: ನೋಡುವುದಕ್ಕೆ ಇರುವವು, ಎಳೆಯುವುದಕ್ಕೆ ಇರುವವು. ಮೊದಲನೆಯವಕ್ಕೆ ದುಂಡು ಬೆನ್ನು, ಎಣ್ಣೆ ಹಚ್ಚಿದಂಥ ಮೈ, ಪ್ರದರ್ಶನದಲ್ಲಿ ಪದಕ. ಎರಡನೆಯವಕ್ಕೆ ದಿನಕ್ಕೆ ಹನ್ನೆರಡು ಸವಾರಿ, ಸ್ಟೇಷನ್ನಿನಿಂದ ಅಗ್ರಹಾರಕ್ಕೆ, ಅಗ್ರಹಾರದಿಂದ ಬೆಟ್ಟದ ಪಾದಕ್ಕೆ. ಅಳೆಯುವ ಕಣ್ಣು ಮಾತ್ರ ಒಂದೇ. ಪದಕ ಕೊಡುವ ಸಾಹೇಬರೇ ಜಟಕಾದ ಕುದುರೆಗಳಿಗೂ ವರ್ಷಕ್ಕೊಮ್ಮೆ ಪಾಸು ಕೊಡುತ್ತಾರೆ.

ಮೂವತ್ತು ವರ್ಷದಿಂದ ಕುದುರೆ ಸಾಕಿರುವ ಲೂರ್ದುಸ್ವಾಮಿಯವರ ಅಂಗೈಗೆ ಬೇರೆ ಲೆಕ್ಕ ಗೊತ್ತು. "ದುಡಿಯೋ ಕುದುರೆಗೆ ಹಿಂದಿನ ಎರಡು ಪಕ್ಕೆಲುಬು ನೆರಳಾಡಿದಂಗೆ ಕಾಣ್ಬೇಕು ಸ್ವಾಮಿ. ಕಾಣ್ದೆ ಹೋದ್ರೆ ನಾವು ಎದ್ರುಕೋತೀವಿ." ಈ ವರ್ಷ ಸಾಹೇಬರು ಹೆದರಿದ್ದು ಎಲುಬು ಕಂಡದ್ದಕ್ಕೆ. ದೂರದಿಂದಲೇ ಬೆತ್ತ ತೋರಿಸಿ, ಈ ಕುದುರೆಗೆ ಹೊಟ್ಟೆಗಿಲ್ಲ, ತಿಂಗಳೊಳಗೆ ಮೈ ತುಂಬದಿದ್ದರೆ ಪಾಸಿಲ್ಲ ಎಂದರು.

ಲೂರ್ದುಸ್ವಾಮಿ ಮೈ ತುಂಬಿಸಿದರು. ಕೆಂಪಿಯನ್ನು ಕಟ್ಟಿಹಾಕಿ, ದಿನಕ್ಕೆ ಎರಡು ಸೇರಿದ್ದ ಹುರುಳಿಯನ್ನು ಐದು ಮಾಡಿದರು. ಮೇಲೆ ಬೂಸ, ಬೆಲ್ಲ. ಹುರುಳಿ ಬೇಯಿಸಿ ಬೇಯಿಸಿ ಬೇಸತ್ತ ಹೆಂಡತಿ ಸವರಿಯಮ್ಮ, "ಈ ಉಪಚಾರ ನಂಗೆ ಮಾಡಿದ್ರೆ ನಾನೂ ಒಂದು ಮೆಡಲ್ ತರ್ತಿದ್ದೆ ಕಣ್ರೀ" ಎಂದರಂತೆ. ಆಗ ಇಬ್ಬರೂ ನಕ್ಕಿದ್ದರು. ತಿಂಗಳು ತುಂಬಿದಾಗ ಸಾಹೇಬರು ಕೆಂಪಿಯ ಬೆನ್ನು ತಟ್ಟಿ, ಸಾಕುವುದೆಂದರೆ ಹೀಗೆ ಎಂದು ಉಳಿದ ಜಟಕಾದವರಿಗೆ ತೋರಿಸಿದರು.

ಮತ್ತೆ ಗಾಡಿಗೆ ಕಟ್ಟಿದ ಮೂರನೆಯ ದಿನ ಕೆಂಪಿ ಮುಂಗಾಲು ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿತು. ಲಾಳ ಹೊಡೆಯುವ ದೊರೆಸ್ವಾಮಿ ಗೊರಸು ಮುಟ್ಟಿ ನೋಡಿ, ನಿಂತಲ್ಲೇ ತಿಂದ ಹುರುಳಿಯೆಲ್ಲ ಕಾಲಿಗಿಳಿದಿದೆ, ಇನ್ನು ಗಾಡಿಯ ಆಸೆ ಬಿಡಿ ಎಂದು ಹೇಳಿ, ಕೂಲಿ ತೆಗೆದುಕೊಳ್ಳದೆ ಹೋದರು. "ತಿನ್ನಿಸಿದ ಕೈ ನಂದೇ. ಸಾಹೇಬರನ್ನೇನು ಅನ್ನೋದು" ಎನ್ನುತ್ತಾರೆ ಲೂರ್ದುಸ್ವಾಮಿ.

ಬೆಳಕಾಗುತ್ತದೆ. ಹಾಲಿಗೆ ಹೊರಟವರೊಬ್ಬರು ನಿಂತು, ಜಟಕಾದ ಕುದುರೆ ಇಷ್ಟು ಚೆನ್ನಾಗಿರುವುದನ್ನು ತಾವು ಕಂಡೇ ಇಲ್ಲ ಎಂದು ಮೆಚ್ಚಿ ಹೋಗುತ್ತಾರೆ. ಲೂರ್ದುಸ್ವಾಮಿ ತಲೆ ಎತ್ತುವುದಿಲ್ಲ. ಐದನೆಯ ಕೊಡ ಸುರಿದು, ಒದ್ದೆ ಅಂಗೈಯನ್ನು ಕೆಂಪಿಯ ಪಕ್ಕೆಗೆ ಒತ್ತುತ್ತಾರೆ. ಬೆರಳಿಗೆ ಎಲುಬು ಸಿಗುವುದಿಲ್ಲ. ಇನ್ನು ನಿಮಗೇನಾಗಬೇಕು ಎಂದು ಕೇಳಿದರೆ ಹೇಳುತ್ತಾರೆ: "ಗಾಡಿ ಹೋಗ್ಲಿ ಬುಡಿ. ಇನ್ನೊಂದ್ಸಲ ಅವಳ ಪಕ್ಕೆಲುಬು ಕಾಣ್ಬೇಕು. ಅಷ್ಟೇ."